99 ಸಾಕು

"ಒಳಗೇನು ಗಿರಣಿ ಹಚ್ಚೀಯೇನವ್ವ?"

ಹೊರಗೆ ಕಟ್ಟೆ ಮೇಲೆ ಕೂತಿದ್ದ ಅಪ್ಪ ಕೇಳಿದರು. 2024ರ ಏಪ್ರಿಲ್, ಮಧ್ಯಾಹ್ನ ಎರಡೂವರೆ. ಕರೆಂಟ್ ಹೋಗಿ ಅರ್ಧ ತಾಸಾಗಿತ್ತು. ಸೀಲಿಂಗ್ ಫ್ಯಾನ್ ನಿಂತಿತ್ತು, ಕೂಲರ್ ನಿಂತಿತ್ತು, ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಊರೆಲ್ಲ ಸುಮ್ಮನಿದ್ದ ಆ ಹೊತ್ತಿನಲ್ಲಿ ನನ್ನ ಲ್ಯಾಪ್‌ಟಾಪ್‌ನ ಪುಟ್ಟ ಫ್ಯಾನ್ ಮಾತ್ರ ಜೀವ ಹೋಗುವ ಹಾಗೆ ಕೂಗುತ್ತಿತ್ತು.

ಅಷ್ಟು ಕೂಗಲು ನಾನೇನು ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಒಂದು ಎಕ್ಸೆಲ್ ಶೀಟ್, ಪಕ್ಕದಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಬ್ರೌಸರ್‌ನಲ್ಲಿ ಆರೇಳು ಟ್ಯಾಬ್. ಅಷ್ಟೇ. ಕೀಬೋರ್ಡಿನ ಮೇಲ್ಭಾಗ ಮುಟ್ಟಿದರೆ ಆಗಷ್ಟೇ ರೊಟ್ಟಿ ಇಳಿಸಿದ ಹಂಚಿನ ಹಾಗೆ. ಲ್ಯಾಪ್‌ಟಾಪ್‌ನ ಹಿಂದಿನ ಎರಡು ಮೂಲೆಗೆ ನೀರಿನ ಬಾಟಲಿಯ ಮುಚ್ಚಳ ಇಟ್ಟು ಎತ್ತರಿಸಿದ್ದೆ, ಗಾಳಿ ಆಡಲಿ ಅಂತ. ಆಡುವ ಗಾಳಿಯೇ 42 ಡಿಗ್ರಿ ಇದ್ದರೆ ಮುಚ್ಚಳ ಪಾಪ ಏನು ಮಾಡೀತು?

ರಾಯಚೂರು ನಮ್ಮೂರು. ಲೆಕ್ಕ ಬರೆಯುವುದು ನನ್ನ ಕೆಲಸ. ಎರಡು ಜಿನ್ನಿಂಗ್ ಮಿಲ್, ಒಂದು ಬೀಜ ಗೊಬ್ಬರದ ಅಂಗಡಿ, ಒಂದು ಬಟ್ಟೆ ಅಂಗಡಿ, ಇನ್ನು ನಾಲ್ಕೈದು ಸಣ್ಣ ಗಿರಾಕಿಗಳು. ಅವರ ಜಿಎಸ್‌ಟಿ ರಿಟರ್ನ್‌ಗಳನ್ನೂ ನಾನೇ ಹಾಕಬೇಕು, ತಿಂಗಳ 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ. ಈ ಎರಡು ತಾರೀಖುಗಳ ನಡುವೆ ಮಿಕ್ಕ ಬದುಕು. ಆ ಎರಡು ದಿನಗಳಲ್ಲಿ ಕರೆಂಟ್ ಹೋದರೆ ಬ್ಯಾಟರಿಯೇ ಗತಿ. ಮನೆಯ ಇನ್ವರ್ಟರ್ ಬ್ಯಾಟರಿ ಸತ್ತು ಒಂದು ವರ್ಷ ಆಗಿತ್ತು. ಅದು ಬೇರೆ ಕತೆ.

ಆವತ್ತು ಬ್ಯಾಟರಿ ಪೂರ್ತಿ ತುಂಬಿದ್ದು ಒಂದು ತಾಸು ಐದು ನಿಮಿಷಕ್ಕೆ ಖಾಲಿಯಾಯಿತು. ಎಕ್ಸೆಲ್ ಉಳಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ಅಂತ ಆ ಕ್ಷಣಕ್ಕೆ ಅನಿಸಿದ್ದು ನಿಜ. ಆದರೆ ಲೆಕ್ಕದವಳು ನೋಡಿ, ಮೊದಲು ಇರೋದರ ಲೆಕ್ಕ ತೆಗೆಯಬೇಕು ಅಂತ ಕೂತೆ.

ಇದನ್ನು ತಗೊಂಡಿದ್ದು 2018ರ ಜೂನ್‌ನಲ್ಲಿ, 46,000 ರೂಪಾಯಿಗೆ. ಒಳಗಿರುವ ಪ್ರೊಸೆಸರ್ ಇಂಟೆಲ್ ಕೋರ್ ಐ5-8250ಯು. ಆಗ ಅದು ಹೊಸ ತಳಿ. ಅದಕ್ಕೂ ಹಿಂದಿನ ತಳಿಯವರೆಗೆ ತೆಳು ಲ್ಯಾಪ್‌ಟಾಪ್‌ಗಳ ಐ5ನಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಭಾಗ, ಎರಡೇ ಇರುತ್ತಿದ್ದವು, ಇದರಲ್ಲಿ ನಾಲ್ಕು. ಮಾಮೂಲಿ ವೇಗ 1.6 ಗಿಗಾಹರ್ಟ್ಸ್, ಟರ್ಬೊ ಅನ್ನುವ ಓಟದಲ್ಲಿ 3.4ರವರೆಗೆ. ಇಂಟೆಲ್‌ನವರ ಪಟ್ಟಿಯಲ್ಲಿ ಶಾಖದ ಲೆಕ್ಕ ಮಾತ್ರ 15 ವ್ಯಾಟ್. ಎರಡು ಕೋರ್ ಇದ್ದಾಗಲೂ 15, ನಾಲ್ಕು ಆದಾಗಲೂ 15. ಇಂಥ ಬ್ಯಾಲೆನ್ಸ್ ಶೀಟ್ ಯಾವ ಗಿರಾಕಿ ತಂದರೂ ನಾನು ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡುತ್ತೇನೆ. ನನ್ನದೇ ಮಷಿನ್ ವಿಷಯದಲ್ಲಿ ಆರು ವರ್ಷ ನೋಡಿರಲಿಲ್ಲ.

ಆ 15 ವ್ಯಾಟ್ ಅನ್ನುವುದು ಮಾಮೂಲಿ ವೇಗದ ಲೆಕ್ಕ. ಟರ್ಬೊ ಶುರುವಾದರೆ ಸ್ವಲ್ಪ ಹೊತ್ತು ಅದರ ಎರಡರಷ್ಟು, ಇನ್ನೂ ಜಾಸ್ತಿ ಕೂಡ ಎಳೆಯಬಹುದು. ಎಚ್‌ಡಬ್ಲ್ಯುಇನ್ಫೋ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಹಾಕಿ ನೋಡಿದೆ. ಬ್ರೌಸರ್ ತೆರೆದೆ. ಪ್ರೊಸೆಸರ್ ಎಳೆತ 31 ವ್ಯಾಟ್, ಐದಾರು ಸೆಕೆಂಡಿನಲ್ಲಿ 97 ಡಿಗ್ರಿ. ಈ ಚಿಪ್ಪಿಗೆ 100 ಡಿಗ್ರಿ ಗರಿಷ್ಠ ಮಿತಿ. ಅಲ್ಲಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ನನ್ನ ಮಷಿನ್ ಓಡುತ್ತದೆ, ಬೆವರುತ್ತದೆ, ಕೂರುತ್ತದೆ, ಮತ್ತೆ ಓಡುತ್ತದೆ. ದಿನವಿಡೀ. ಒಂದು ಪೇಜ್ ಅರ್ಧ ಸೆಕೆಂಡ್ ಬೇಗ ತೆರೆಯಲಿ ಅಂತ.

ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಫೋನ್ ಮಾಡಿದೆ.

"ಚಿಕ್ಕಮ್ಮ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಅಂತ ಹಾಕು. ಸಾಕು."

"100ಕ್ಕೆ ಒಂದು ಕಡಿಮೆ ಮಾಡಿದರೆ ಏನಾಗುತ್ತೋ?"

"ಹಾಕಿ ನೋಡು."

ವಿಂಡೋಸ್‌ನಲ್ಲಿ ಅದನ್ನು ಹಾಕುವ ಜಾಗ ಇಲ್ಲಿದೆ. ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ಪವರ್ ಆಪ್ಷನ್ಸ್‌ಗೆ ಹೋಗಿ. ನೀವು ಬಳಸುತ್ತಿರುವ ಪ್ಲಾನ್ ಪಕ್ಕದಲ್ಲಿ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅದರೊಳಗೆ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್. ಒಂದು ಹಳೆ ಕಾಲದ ಪುಟ್ಟ ಕಿಟಕಿ ತೆರೆಯುತ್ತದೆ. ಕೆಳಗೆ ಇಳಿದರೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಅದರಲ್ಲಿ ಮಿನಿಮಮ್, ಮ್ಯಾಕ್ಸಿಮಮ್, ಕೂಲಿಂಗ್ ಪಾಲಿಸಿ ಅಂತ ಮೂರು ಸಾಲು. ಪ್ರತಿಯೊಂದರ ಕೆಳಗೂ ಎರಡು ಖಾನೆ. ಬ್ಯಾಟರಿಯಲ್ಲಿದ್ದಾಗ ಒಂದು, ಚಾರ್ಜರ್ ಹಾಕಿದ್ದಾಗ ಒಂದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲುಗಳು ಕಾಣುವುದೇ ಇಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲೇ ಸುಧಾರಿಸಿಕೊಳ್ಳಬೇಕು.

ಮ್ಯಾಕ್ಸಿಮಮ್ ಖಾನೆಯಲ್ಲಿ 99 ಹೊಡೆದೆ. ಅಪ್ಲೈ.

ಫ್ಯಾನ್ ಸದ್ದು ನಿಧಾನಕ್ಕೆ ಇಳಿಯಿತು. ಕುಕ್ಕರ್ ಇಳಿಸಿದ ಮೇಲೆ ಉಸಿರು ಬಿಡುತ್ತದಲ್ಲ, ಹಾಗೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 3ರ ಮೇಲೆ ಕುಣಿಯುತ್ತಿದ್ದ ವೇಗ 1.7ರ ಆಸುಪಾಸಿಗೆ ಬಂದು ನಿಂತಿತು. ಆ ಒಂದು ಅಂಕಿಯ ಗುಟ್ಟು ಇಷ್ಟೇ. ನನ್ನಂಥ ಇಂಟೆಲ್ ಮಷಿನ್‌ಗಳಲ್ಲಿ 100 ಅಂದರೆ ಟರ್ಬೊ ಸೇರಿಸಿ ಎಷ್ಟಾದರೂ ಓಡು ಅಂತ. 99 ಅಂದರೆ ಟರ್ಬೊ ಬೇಡ ಅಂತ. 100ಕ್ಕೂ 99ಕ್ಕೂ ನಡುವೆ ಇರುವುದು ಒಂದು ಪರ್ಸೆಂಟ್ ಅಲ್ಲ, ಅರ್ಧಕ್ಕರ್ಧ ವೇಗ.

ಹಾಗಾದರೆ ಕೆಲಸ ಎಷ್ಟು ನಿಧಾನ ಆಯಿತು? ಅಳೆದೆ. 38,000 ಸಾಲಿನ ಒಂದು ಖರೀದಿ ಪಟ್ಟಿ ಇದೆ, ಅದರ ತುಂಬ ವಿಲುಕಪ್, ಅಂದರೆ ಇನ್ನೊಂದು ಪಟ್ಟಿಯಿಂದ ಹುಡುಕಿ ತರುವ ಸೂತ್ರ. ಮೊದಲು ಲೆಕ್ಕ ಮುಗಿಸಲು 11 ಸೆಕೆಂಡ್ ತಗೊಳ್ಳುತ್ತಿತ್ತು, ಈಗ 19. ಟ್ಯಾಲಿಯಲ್ಲಿ ವೋಚರ್ ಹೊಡೆಯುವಾಗ ಏನೂ ವ್ಯತ್ಯಾಸ ಇಲ್ಲ. ನನ್ನ ಬೆರಳೇ ಅಲ್ಲಿ ನಿಧಾನ. ಬ್ರೌಸರ್ ಮಾತ್ರ ಶುರುವಿನಲ್ಲಿ ಸ್ವಲ್ಪ ಆಕಳಿಸುತ್ತದೆ. ಬ್ಯಾಟರಿ? ಒಂದು ತಾಸು ಐದು ನಿಮಿಷ ಬರುತ್ತಿದ್ದದ್ದು ಒಂದು ತಾಸು ಐವತ್ತು ನಿಮಿಷ ಬಂತು.

ಬ್ಯಾಟರಿ ಲೆಕ್ಕ ತೆಗೆಯುವುದು ಸುಲಭ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಹೊಡೆದು, ಜಾಗ ಬಿಟ್ಟು, ಓರೆ ಗೆರೆ ಹಾಕಿ ಬ್ಯಾಟರಿರಿಪೋರ್ಟ್ ಅಂತ ಹೊಡೆದರೆ ಒಂದು ವರದಿ ಬರುತ್ತದೆ. ನನ್ನದು ಹುಟ್ಟಿದಾಗ 42 ವ್ಯಾಟ್-ಅವರ್. ಈಗ ಪೂರ್ತಿ ತುಂಬಿದರೂ 24. ಅದನ್ನು ಒಂದು ತಾಸು ಐದು ನಿಮಿಷದಲ್ಲಿ ಖಾಲಿ ಮಾಡಿದರೆ ಸರಾಸರಿ 22 ವ್ಯಾಟ್ ಖರ್ಚು. 99 ಹಾಕಿದ ಮೇಲೆ 13. ವರಮಾನ ಹೆಚ್ಚಿಸಲು ಆಗದಿದ್ದಾಗ ಖರ್ಚು ಇಳಿಸು ಅಂತ ಗಿರಾಕಿಗಳಿಗೆ ಹೇಳುವವಳು ನಾನೇ ತಾನೇ.

ವೇಗ ಅರ್ಧ ಆದರೆ ಪ್ರೊಸೆಸರ್ ಖರ್ಚು ಅರ್ಧಕ್ಕಿಂತ ಎಷ್ಟೋ ಕಡಿಮೆ ಆಗುತ್ತಿತ್ತು. ಅದು ಯಾಕೆ ಅಂತ ನನಗೆ ಹೊಳೆಯಲಿಲ್ಲ. ಅಪ್ಪನ ಹತ್ತಿರ ಹೋದೆ.

ಅಪ್ಪ ಶಕ್ತಿನಗರದ ಥರ್ಮಲ್ ಸ್ಟೇಷನ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 210 ಮೆಗಾವ್ಯಾಟ್‌ನ ಏಳು ಯೂನಿಟ್, 250ರದ್ದು ಒಂದು, ಒಟ್ಟು 1720 ಮೆಗಾವ್ಯಾಟ್. ಈ ಅಂಕಿಗಳನ್ನು ಅವರು ಮೊಮ್ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. ಗೋಡೆಯ ಕ್ಯಾಲೆಂಡರಿನ ಮಾರ್ಚ್ ಹಾಳೆ ಹರಿದು, ಹಿಂದೆ ಬರೆದು ತೋರಿಸಿದರು.

"ನೋಡವ್ವ, ಸ್ಪೀಡ್ ಏರಬೇಕಂದ್ರ ಓಲ್ಟೇಜೂ ಏರಿಸಬೇಕು. ಪವರ್ ಅನ್ನೋದು ಸ್ಪೀಡಿಗೆ ಸಮ ಏರ್ತದ. ಆದ್ರ ಓಲ್ಟೇಜಿಗೆ ಸ್ಕ್ವೇರ್ ಆಗಿ ಏರ್ತದ."

ಒಂದು ಉದಾಹರಣೆ ಹಾಕಿದರು. ವೇಗ 1.6ರಿಂದ 3.4ಕ್ಕೆ, ಓಲ್ಟೇಜ್ 0.8ರಿಂದ 1.1ಕ್ಕೆ ಅಂತ ಇಟ್ಟುಕೋ. ವೇಗದ ಪಟ್ಟು ಎರಡು ಚಿಲ್ಲರೆ. ಓಲ್ಟೇಜಿನ ಪಟ್ಟು 1.375, ಅದನ್ನು ಅದರಿಂದಲೇ ಗುಣಿಸಿದರೆ 1.9ರ ಹತ್ತಿರ. ಎರಡನ್ನೂ ಗುಣಿಸಿದರೆ ನಾಲ್ಕು. ಎರಡು ಪಟ್ಟು ಓಟಕ್ಕೆ ನಾಲ್ಕು ಪಟ್ಟು ಊಟ. ಆ ಕ್ಯಾಲೆಂಡರ್ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ.

ಲ್ಯಾಪ್‌ಟಾಪ್‌ನವರಿಗೆ ಇದು ಗೊತ್ತಾಗಿ ಕಾಲು ಶತಮಾನ ಆಯಿತು. 2000ದ ಶುರುವಿನಲ್ಲೇ ಇಂಟೆಲ್ ಮೊಬೈಲ್ ಪೆಂಟಿಯಂ 3ರಲ್ಲಿ ಸ್ಪೀಡ್‌ಸ್ಟೆಪ್ ತಂದಿತ್ತು. ಚಾರ್ಜರ್ ಇದ್ದರೆ 650 ಮೆಗಾಹರ್ಟ್ಸ್, ಬ್ಯಾಟರಿಗೆ ಬಂದರೆ 500, ಜೊತೆಗೆ ಓಲ್ಟೇಜೂ ಕಡಿಮೆ. ಆಗ ಇದ್ದದ್ದು ಕೆಳಗಿಳಿಯುವ ಮೆಟ್ಟಿಲು. 2008ರಿಂದ ಟರ್ಬೊ ಬಂದು ಮೇಲೆ ಹತ್ತುವ ಮೆಟ್ಟಿಲೂ ಸೇರಿಕೊಂಡಿತು. ನಮ್ಮ ತಾಪತ್ರಯ ಶುರುವಾಗಿದ್ದು ಅಲ್ಲಿಂದ.

ಒಂದು ಮಾತು. ಬೆಂಗಳೂರಿನ ಹುಡುಗನ ಲ್ಯಾಪ್‌ಟಾಪೂ ನನ್ನ ತಳಿಯದೇ. ಅವನು 100ರಲ್ಲೇ ಇಟ್ಟು ಗೇಮ್ ಆಡುತ್ತಾನೆ, ಏನೂ ಆಗುವುದಿಲ್ಲ. ಅವನ ರೂಮಿನಲ್ಲಿ 28 ಡಿಗ್ರಿ, ನಮ್ಮ ಪಡಸಾಲೆಯಲ್ಲಿ 42. ಫ್ಯಾನ್ ಏನೂ ತಂಪು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸುತ್ತದೆ ಅಷ್ಟೇ. ಹೊರಗೆ 14 ಡಿಗ್ರಿ ಜಾಸ್ತಿ ಇದ್ದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ನೆಟ್‌ನಲ್ಲಿ ಸಿಗುವ ಸಲಹೆಗಳನ್ನು ಬರೆದವರು ರಾಯಚೂರಿನ ಏಪ್ರಿಲ್ ನೋಡಿದವರಲ್ಲ. ಒಬ್ಬರಂತೂ ಮಿನಿಮಮ್ ಕೂಡ 100 ಇಡಿ, ಲ್ಯಾಪ್‌ಟಾಪ್ ಹಾರುತ್ತದೆ ಅಂತ ಬರೆದಿದ್ದರು. ಮಿನಿಮಮ್ 100 ಇಟ್ಟರೆ ಕೆಲಸ ಇಲ್ಲದಾಗಲೂ ವೇಗ ಇಳಿಸಬೇಡ ಅಂದ ಹಾಗೆ. ಸಿಗ್ನಲ್‌ನಲ್ಲಿ ನಿಂತು ಆಕ್ಸಿಲರೇಟರ್ ತಿರುವುವವರ ಕೆಲಸ. ಅದು ಮೊದಲಿದ್ದ 5ರಲ್ಲೇ ಇರಲಿ.

ಕೂಲಿಂಗ್ ಪಾಲಿಸಿ ಸಾಲಿನಲ್ಲಿ ಆಕ್ಟಿವ್, ಪ್ಯಾಸಿವ್ ಅಂತ ಎರಡು. ಆಕ್ಟಿವ್ ಅಂದರೆ ಮೊದಲು ಫ್ಯಾನ್ ಜೋರು ಮಾಡು, ಆಮೇಲೆ ಬೇಕಾದರೆ ಪ್ರೊಸೆಸರ್ ನಿಧಾನ ಮಾಡು. ಪ್ಯಾಸಿವ್ ಅಂದರೆ ತಿರುವುಮುರುವು. ನನ್ನ ಮಷಿನ್‌ನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಿಟ್ಟುಬಿಟ್ಟೆ.

ಇನ್ನು ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಒಂದು ಸಂಜೆ ಆತುರದಲ್ಲಿ 99 ಬದಲು 9 ಹೊಡೆದು ಅಪ್ಲೈ ಒತ್ತಿದೆ. ಎರಡನೆಯ ಸಲ 9ರ ಕೀ ಸರಿಯಾಗಿ ಒತ್ತಿರಲಿಲ್ಲ. ಆಮೇಲೆ ಮೌಸ್ ಬಾಣ ಬೆಲ್ಲಕ್ಕೆ ಅಂಟಿದ ಇರುವೆಯ ಹಾಗೆ ನಡೆಯಿತು. ಅದೇ ಕಿಟಕಿಗೆ ವಾಪಸ್ ಹೋಗಿ ಇನ್ನೊಂದು 9 ಸೇರಿಸಲು ಹತ್ತು ನಿಮಿಷ ಬೇಕಾಯಿತು.

ಹುಡುಗ ಮೇ ತಿಂಗಳ ರಜೆಗೆ ಬಂದ. ಬಂದವನು ಸುಮ್ಮನಿರುತ್ತಾನೆಯೇ? ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲಿ ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಹಾಕಿದ. ವೇಗ ಅಷ್ಟೇ ಇಟ್ಟು ಓಲ್ಟೇಜ್ ಮಾತ್ರ ಸ್ವಲ್ಪ ಇಳಿಸಿದರೆ ಬಿಸಿ ಕಡಿಮೆಯಾಗುತ್ತದೆ ಅಂತ ಅವನ ಯೋಜನೆ. ಅಪ್ಪನ ಕ್ಯಾಲೆಂಡರ್ ಲೆಕ್ಕದ ಪ್ರಕಾರ ಅದು ಸರಿಯೇ. ಆದರೆ ಆ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು, ಒತ್ತಲು ಬರಲಿಲ್ಲ. 2019ರ ಕೊನೆಗೆ ಪ್ಲಂಡರ್‌ವೋಲ್ಟ್ ಅನ್ನುವ ಒಂದು ಲೋಪ ಹೊರಬಿದ್ದಿತ್ತು. ಸಾಫ್ಟ್‌ವೇರ್‌ನಿಂದಲೇ ಓಲ್ಟೇಜ್ ಅಲ್ಲಾಡಿಸಿ ಪ್ರೊಸೆಸರ್‌ನೊಳಗಿನ ಗುಟ್ಟುಗಳನ್ನು ಕದಿಯಬಹುದು ಅಂತ ಸಂಶೋಧಕರು ತೋರಿಸಿದ್ದರು. ಆಮೇಲೆ ಬಂದ ಬಯೋಸ್ (ಮಷಿನ್ ಶುರು ಮಾಡುವ ಬುಡದ ಸಾಫ್ಟ್‌ವೇರ್) ಅಪ್‌ಡೇಟ್‌ಗಳು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲಿಗೆ ಬೀಗ ಹಾಕಿದವು. ನನ್ನದಕ್ಕೂ ಬಿದ್ದಿತ್ತು.

ಅಲ್ಲಿ ಸೋತವನು ಅಪ್ಪನ ಲ್ಯಾಪ್‌ಟಾಪ್ ಎತ್ತಿಕೊಂಡ. ಅದು 2013ರ ಹಳೆ ಮಷಿನ್, ಐ3-3110ಎಂ. 2.4 ಗಿಗಾಹರ್ಟ್ಸ್, ಟರ್ಬೊ ಇಲ್ಲ. ಹೀಗಾಗಿ 99ರ ಮಂತ್ರ ಅದಕ್ಕೆ ನಾಟುವುದಿಲ್ಲ. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಅಪ್ಪ ಅದರಲ್ಲಿ ಯೂಟ್ಯೂಬ್‌ನ ಪ್ರವಚನ ಕೇಳುತ್ತಾರೆ, ಪೇಪರ್ ಓದುತ್ತಾರೆ.

"ತಾತಾ, ಇದರಲ್ಲಿ ಗವರ್ನರ್ ಬದಲಾಯಿಸಬಹುದು" ಅಂದ ಹುಡುಗ.

ಅಪ್ಪನ ಕಿವಿ ನೆಟ್ಟಗಾಯಿತು. ಗವರ್ನರ್ ಅಂದರೆ ಅವರ ಜೀವಮಾನದ ಶಬ್ದ. ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗಬೇಕು, ಆಗಲೇ 50 ಹರ್ಟ್ಸ್. ಲೋಡ್ ಜಾಸ್ತಿಯಾಗಿ ಸುತ್ತು ಕಡಿಮೆಯಾದರೆ ಗವರ್ನರ್ ಹಬೆಯ ವಾಲ್ವ್ ತೆರೆಯುತ್ತದೆ, ಲೋಡ್ ಇಳಿದರೆ ಮುಚ್ಚುತ್ತದೆ. ಲಿನಕ್ಸ್‌ನಲ್ಲೂ ಪ್ರೊಸೆಸರ್ ವೇಗ ನೋಡಿಕೊಳ್ಳುವ ಭಾಗಕ್ಕೆ ಗವರ್ನರ್ ಅಂತಲೇ ಹೆಸರು. ಕೆಲಸ ಎಷ್ಟಿದೆ ನೋಡಿ ವೇಗ ಎಷ್ಟಿರಬೇಕೆಂದು ತೀರ್ಮಾನಿಸುತ್ತದೆ. ಪರ್ಫಾರ್ಮನ್ಸ್, ಪವರ್‌ಸೇವ್, ಆನ್‌ಡಿಮಾಂಡ್, ಶೆಡ್‌ಯುಟಿಲ್ ಅಂತ ಹಲವು ಬಗೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ನಕ್ಕರು.

"ನಮ್ಮ ಗವರ್ನರ್ ಇರೋದು ಸ್ಪೀಡ್ ಬದಲಾಗಬಾರದು ಅಂತ. ನಿಮ್ಮ ಗವರ್ನರ್ ಇರೋದು ಸ್ಪೀಡ್ ಬದಲು ಮಾಡಾಕೇನ? ಹೆಸರು ಯಾರಿಟ್ಟರೋ ಮಾರಾಯಾ!"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪವರ್‌ಸೇವ್ ಅಂತ ಆರಿಸಿ ಎದ್ದು ಹೋದ. ಮಾರನೆಯ ದಿನ ಬೆಳಗ್ಗೆ ಪ್ರವಚನ ತಡೆತಡೆದು ಬರತೊಡಗಿತು. ಸ್ವಾಮಿಗಳ ಬಾಯಿ ಮೊದಲು, ಮಾತು ಆಮೇಲೆ.

"ಯೂನಿಟ್ ಲೋಡ್ ತಗೊಳ್ಳವಲ್ದು" ಅಂತ ಅಪ್ಪ ಕೂಗಿದರು.

ನೋಡಿದರೆ ವೇಗ 1.2 ಗಿಗಾಹರ್ಟ್ಸ್‌ನಲ್ಲೇ ನಿಂತುಬಿಟ್ಟಿದೆ. ಏನು ಮಾಡಿದರೂ ಏರುವುದಿಲ್ಲ. ಹುಡುಗ ತಲೆ ಕೆರೆದುಕೊಂಡ. ಅವನ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿಯೂ ಅದೇ ಪವರ್‌ಸೇವ್ ಇದೆ, ಅಲ್ಲಿ ವೇಗ ಬೇಕಾದಾಗ ಏರುತ್ತದೆ. ಕೊನೆಗೆ ಸಿಕ್ಕಿದ ಉತ್ತರ ಇದು. ಹೊಸ ಪ್ರೊಸೆಸರ್‌ಗಳಲ್ಲಿ ಇಂಟೆಲ್‌ನ ಡ್ರೈವರ್ ತಾನೇ ವೇಗ ನಿರ್ಧರಿಸುತ್ತದೆ, ಅಲ್ಲಿ ಪವರ್‌ಸೇವ್ ಅಂದರೆ ಹಿತಮಿತವಾಗಿ ಏರಿಳಿ ಅಂತ. ಅಪ್ಪನ ಹಳೆ ಮಷಿನ್‌ನಲ್ಲಿ ಪವರ್‌ಸೇವ್ ಅಂದರೆ ಕನಿಷ್ಠ ವೇಗ ಬಿಟ್ಟು ಅಲ್ಲಾಡಬೇಡ ಅಂತ. ಹೆಸರು ಒಂದೇ, ಅರ್ಥ ಬೇರೆ. ಶೆಡ್‌ಯುಟಿಲ್‌ಗೆ ವಾಪಸ್ ಹಾಕಿದ ಮೇಲೆ ಸ್ವಾಮಿಗಳು ಸರಿಹೋದರು.

ಮೇ 20. 3ಬಿ ದಿನ. ನನ್ನ ಚಾರ್ಜರ್ ವೈರ್ ಹದಿನೈದು ದಿನದಿಂದ ಕುತ್ತಿಗೆ ಹತ್ತಿರ ಮುರಿದು ಟೇಪಿನಲ್ಲಿ ಜೀವ ಹಿಡಿದಿತ್ತು. ಬೆಳಗ್ಗೆ ಅದೂ ಸತ್ತಿತು. ಬಜಾರಿಗೆ ಓಡಿ 650 ರೂಪಾಯಿಗೆ ಒಂದು ಚಾರ್ಜರ್ ತಂದೆ. ಅಂಗಡಿಯವರು ಹಾಕಿ ತೋರಿಸಿದರು, ದೀಪ ಹತ್ತಿತು. ಮನೆಗೆ ಬಂದು ಶುರು ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂತು. ಅಡಾಪ್ಟರ್ ಯಾವುದೆಂದು ಗುರುತು ಸಿಗುತ್ತಿಲ್ಲ ಅನ್ನುವ ಅರ್ಥದ್ದು. ಎಂಟರ್ ಒತ್ತಿ ಮುಂದೆ ಹೋದೆ. ನಾವೆಲ್ಲ ಹಾಗೇ ಅಲ್ವಾ?

ಮೌಸ್ ಮತ್ತೆ ಬೆಲ್ಲದ ಇರುವೆ.

ಇನ್ನೊಮ್ಮೆ 9 ಹೊಡೆದುಬಿಟ್ಟೆನೇನೋ ಅಂದುಕೊಂಡೆ. ನೋಡಿದರೆ 99 ಇದೆ. 100 ಮಾಡಿದೆ, ಏನೂ ಇಲ್ಲ. ಪ್ಲಾನ್ ಬದಲಿಸಿದೆ, ರೀಸ್ಟಾರ್ಟ್ ಮಾಡಿದೆ, ಪವರ್ ಸೆಟ್ಟಿಂಗ್ ಎಲ್ಲ ಮೊದಲಿನ ಹಾಗೆ ಮಾಡಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 0.79. ಏನೇ ಮಾಡಿದರೂ 0.79. ಟ್ಯಾಲಿ ತೆರೆಯಲು ನಾಲ್ಕು ನಿಮಿಷ. ಮಧ್ಯಾಹ್ನವೆಲ್ಲ ನನ್ನ ಸೆಟ್ಟಿಂಗ್ ಹುಚ್ಚಿನಿಂದಲೇ ಹೀಗಾಯಿತು ಅಂತ ನನ್ನನ್ನೇ ಬೈದುಕೊಂಡೆ. ಮೇಲಿಂದ ಬ್ಯಾಟರಿ ಬೆಳಗಿನಿಂದ 38ರಲ್ಲೇ ನಿಂತಿದೆ, ಒಂದು ಪರ್ಸೆಂಟ್ ಏರಿಲ್ಲ.

ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಇನ್ನು ಮುಗೀತು ಅಂತ ಕೂತೆ. ಆಗ ಟ್ಯಾಲಿ ಚಕಚಕ ಓಡತೊಡಗಿತು! ವೇಗ 3ರ ಮೇಲೆ. ಕರೆಂಟ್ ಬಂತು, ಮತ್ತೆ 0.79. ಚಾರ್ಜರ್ ಕಿತ್ತೆ, 3. ಚುಚ್ಚಿದೆ, 0.79. ಕರೆಂಟ್ ಇಲ್ಲದಾಗ ಓಡುವ, ಇದ್ದಾಗ ಕುಂಟುವ ಮಷಿನ್ ಎಲ್ಲಾದರೂ ಇದೆಯೇ?

ಹಳೆ ಚಾರ್ಜರ್ ಮತ್ತು ಹೊಸದರ ಪಿನ್ನುಗಳನ್ನು ಪಕ್ಕ ಪಕ್ಕ ಹಿಡಿದು ಅಪ್ಪನ ಭೂತಗನ್ನಡಿಯಲ್ಲಿ ನೋಡಿದೆವು. ದುಂಡನೆಯ ಕೊಳವೆ, ಅದರ ನಟ್ಟನಡುವೆ ಸೂಜಿಯಂಥ ಒಂದು ಸಣ್ಣ ಪಿನ್. ನಾನು ಅದನ್ನು ಕರೆಂಟ್ ಬರುವ ತಂತಿ ಅಂದುಕೊಂಡಿದ್ದೆ. ಅಲ್ಲ. ಅದು ಚಾರ್ಜರ್ ತನ್ನ ಗುರುತು ಹೇಳುವ ಪಿನ್. ನಾನು ಇಂಥದ್ದು, 65 ವ್ಯಾಟ್ ಕೊಡಬಲ್ಲೆ ಅಂತ ಲ್ಯಾಪ್‌ಟಾಪ್‌ಗೆ ಅದರ ಮೂಲಕ ಹೇಳುತ್ತದೆ. ಹೊಸ ಚಾರ್ಜರ್ ಏನೂ ಹೇಳುತ್ತಿರಲಿಲ್ಲ. ಎಷ್ಟು ಕೊಡುತ್ತದೋ ಗೊತ್ತಿಲ್ಲದ ಚಾರ್ಜರ್ ಅಂತ ಲ್ಯಾಪ್‌ಟಾಪ್ ಹೆದರಿ, ಬ್ಯಾಟರಿ ತುಂಬುವುದನ್ನು ನಿಲ್ಲಿಸಿ, ಪ್ರೊಸೆಸರ್‌ನ ಕುತ್ತಿಗೆ ಹಿಡಿದಿತ್ತು. ವಿಂಡೋಸ್‌ನಲ್ಲಿ ನಾನು ಯಾವ ಖಾನೆ ತಿದ್ದಿದರೂ ಈ ಹಿಡಿತ ವಿಂಡೋಸ್ ಕೈಗೆ ಸಿಗುವ ವಿಷಯವೇ ಅಲ್ಲ.

ಥ್ರಾಟಲ್‌ಸ್ಟಾಪ್‌ನಲ್ಲಿ ಬಿ.ಡಿ. ಪ್ರೊಕ್‌ಹಾಟ್ ಅನ್ನುವ ಖಾನೆಯ ಗುರುತು ತೆಗೆದರೆ ಈ ಹಿಡಿತ ಬಿಡುತ್ತದೆ ಅಂದ ಹುಡುಗ. ಬೇಡ ಅಂದೆ. 650 ರೂಪಾಯಿಯ ಚಾರ್ಜರ್ ನಿಜವಾಗಿ ಎಷ್ಟು ತಾಳುತ್ತದೋ ಲ್ಯಾಪ್‌ಟಾಪ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮರದ ಮೇಜು, ಕಾಗದದ ರಾಶಿ ಇರುವ ಮನೆ. ಆವತ್ತು 99ಕ್ಕೆ ವಾಪಸ್ ಹಾಕಿ, ಪರದೆಯ ಬೆಳಕು ಇಳಿಸಿ, ಚಾರ್ಜರ್ ಕಿತ್ತು, ಉಳಿದ ಮೂರು ರಿಟರ್ನ್‌ಗಳನ್ನು ಬ್ಯಾಟರಿಯಲ್ಲೇ ಮುಗಿಸಿದೆ. ಕೊನೆಯದು ಹೋದಾಗ 6 ಪರ್ಸೆಂಟ್ ಇತ್ತು.

ಮಾರನೆಯ ದಿನ ಒರಿಜಿನಲ್ ಚಾರ್ಜರ್ ತರಿಸಿದೆ, 2,350 ರೂಪಾಯಿ. ನನ್ನ ಪುಸ್ತಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ. 46,000ದ ಲ್ಯಾಪ್‌ಟಾಪ್ ಆರು ವರ್ಷಕ್ಕೆ ಸವೆದು 2,146ಕ್ಕೆ ಬಂದಿತ್ತು. ಚಾರ್ಜರ್ ಬೆಲೆ ಲ್ಯಾಪ್‌ಟಾಪ್‌ಗಿಂತ ಜಾಸ್ತಿ. ನಕ್ಕುಕೊಂಡೇ ವೋಚರ್ ಹೊಡೆದೆ.

ಇಷ್ಟಾದರೂ ಒಂದು ವಿಷಯ ಕಾಡುತ್ತಲೇ ಇತ್ತು. 99 ಹಾಕಿದ ಮೇಲೂ ಫ್ಯಾನ್ ಪೂರ್ತಿ ಸುಮ್ಮನಾಗಿರಲಿಲ್ಲ. ಕೂಗು ಇಳಿದಿತ್ತು, ಗೊಣಗಾಟ ಇತ್ತು. ಜೂನ್‌ನಲ್ಲಿ ಎರಡು ಮಳೆ ಬಿದ್ದು ಮನೆ ತಂಪಾಯಿತು, ಆಗಲೂ 84 ಡಿಗ್ರಿ ತೋರಿಸುತ್ತಿತ್ತು. 15 ವ್ಯಾಟ್‌ಗೆ ಇದು ಜಾಸ್ತಿಯೇ. ಪಕ್ಕದ ಜಾಲರಿಗೆ ಕೈ ಹಿಡಿದರೆ ಬಿಸಿ ಗಾಳಿ ಬರುವುದಿರಲಿ, ಗಾಳಿಯೇ ಬರುತ್ತಿರಲಿಲ್ಲ. ಎರಡು ತಿಂಗಳಿಂದ ಬಿಸಿ ಎಷ್ಟು ಹುಟ್ಟುತ್ತಿದೆ ಅಂತ ಮಾತ್ರ ನೋಡಿದ್ದೆ. ಹುಟ್ಟಿದ್ದು ಎಲ್ಲಿಂದ ಹೊರಗೆ ಹೋಗುತ್ತಿದೆ ಅಂತ ನೋಡಿರಲಿಲ್ಲ. ಡೆಬಿಟ್ ಬರೆದು ಕ್ರೆಡಿಟ್ ಮರೆತ ಹಾಗೆ.

ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಹತ್ತು ಸ್ಕ್ರೂ ಬಿಚ್ಚಿ ತಳದ ಮುಚ್ಚಳ ತೆಗೆದ. ಫ್ಯಾನ್ ಮೇಲ್ನೋಟಕ್ಕೆ ಚೊಕ್ಕವಾಗಿಯೇ ಇತ್ತು. ಅದರ ಮೂರು ಸ್ಕ್ರೂ ಬಿಚ್ಚಿ ಎತ್ತಿದಾಗ ಅವನು ಶಿಳ್ಳೆ ಹೊಡೆದ.

"ಮೇಡಂ, ಇದೇನ್ರಿ ಇದು, ಗಾದಿ?"

ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ, ಗಾಳಿ ಹೊರಗೆ ಹೋಗುವ ಸಂದಿಯ ಉದ್ದಕ್ಕೂ, ಒಂದು ಬೆಳ್ಳನೆಯ ಪಟ್ಟಿ. ಕಿರುಬೆರಳಿನಷ್ಟು ಉದ್ದ, ಹಳೆ ಕಂಬಳಿಯಷ್ಟು ಗಟ್ಟಿ. ಚಿಮುಟದಲ್ಲಿ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಬಂತು. ಹೊರಮೈ ಬೂದು, ಒಳಗೆ ಇನ್ನೂ ಬಿಳಿ. ನಡುವೆ ಒಂದು ಕಂದು ಚೂರು ಸಿಕ್ಕಿಕೊಂಡಿತ್ತು. ಕೈಯಲ್ಲಿ ಹಿಡಿದೊಡನೆ ಗುರುತು ಸಿಕ್ಕಿತು. ಹತ್ತಿ. ಆ ಚೂರು ಹತ್ತಿಕಾಳಿನ ಸಿಪ್ಪೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೆ ಎರಡು ದಿನ ಮಿಲ್ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಗೋಡೆಯಾಚೆ ಜಿನ್ನಿಂಗ್ ಮಷಿನ್. ಹತ್ತಿಯಿಂದ ಕಾಳು ಬೇರೆ ಮಾಡುವಾಗ ಎಳೆ ಹಾರುತ್ತದೆ. ರೆಪ್ಪೆ ಮೇಲೆ ಕೂರುತ್ತದೆ, ಚಹಾದ ಕೆನೆ ಮೇಲೆ ಕೂರುತ್ತದೆ, ಗುಮಾಸ್ತರ ಮೀಸೆ ಸಂಜೆಗೆ ಬೆಳ್ಳಗಾಗಿರುತ್ತದೆ. ಅದರ ನಡುವೆ ನನ್ನ ಲ್ಯಾಪ್‌ಟಾಪ್ ಆರು ಸೀಸನ್ ಗಾಳಿ ಎಳೆದುಕೊಂಡಿದೆ. ಟರ್ಬೊ ಓಡಿದಷ್ಟೂ ಫ್ಯಾನ್ ಜೋರು, ಫ್ಯಾನ್ ಜೋರಾದಷ್ಟೂ ಹತ್ತಿ ಒಳಗೆ.

ಪ್ರೊಸೆಸರ್‌ನ ಬಿಸಿ ತಾಮ್ರಕ್ಕೆ ದಾಟಲಿ ಅಂತ ಹಚ್ಚಿದ್ದ ಹಳೆ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದ. ಎಲ್ಲ ಸೇರಿ 500 ರೂಪಾಯಿ. ಮನೆಗೆ ಬಂದು 100ಕ್ಕೆ ಇಟ್ಟು ಅದೇ 38,000 ಸಾಲಿನ ಶೀಟ್ ಓಡಿಸಿದೆ. 11 ಸೆಕೆಂಡ್ ಬದಲು 9. ಬಿಸಿ 81 ಡಿಗ್ರಿಗೆ ನಿಂತಿತು. ಆಮೇಲೆ 99 ಹಾಕಿ ಒಂದು ತಾಸು ಟ್ಯಾಲಿ ಕೆಲಸ ಮಾಡಿದೆ. 62 ಡಿಗ್ರಿ.

"ಬಂದ್ ಮಾಡಿದೇನವ್ವ?" ಕಟ್ಟೆಯಿಂದ ಅಪ್ಪ ಕೇಳಿದರು.

"ಇಲ್ಲಪ್ಪ, ನಡದದ."

ಅಂಗಡಿಯಿಂದ ಕಾಗದದಲ್ಲಿ ಸುತ್ತಿ ತಂದಿದ್ದ ಹತ್ತಿಯನ್ನು ಅವರ ಕೈಗೆ ಕೊಟ್ಟೆ. ಬೆರಳ ನಡುವೆ ಹೊಸೆದು ನೋಡಿದರು. "ಬತ್ತಿ ಆಗಂಗಿಲ್ಲ. ಎಳೀ ಸತ್ತದ" ಅಂದು ಕಸಕ್ಕೆ ಹಾಕಿದರು.

ಈಗ ಬ್ಯಾಟರಿ ಖಾನೆಯಲ್ಲಿ 99, ಚಾರ್ಜರ್ ಖಾನೆಯಲ್ಲೂ 99. ವರ್ಷದ ಕೊನೆಗೆ ದೊಡ್ಡ ಶೀಟ್‌ಗಳು ಬಂದಾಗ ಎರಡು ದಿನ 100 ಮಾಡುತ್ತೇನೆ. ನವೆಂಬರ್‌ನಲ್ಲಿ ಮಿಲ್‌ಗೆ ಹೋದಾಗ ನನ್ನ ಮೇಜನ್ನು ಒಳಗಿನ ಕೋಣೆಗೆ ಹಾಕಿಸಿ ಅಂತ ಕೇಳಿದೆ. ಗಾಳಿ ಒಳಗೆ ಹೋಗುವ ತಳದ ಜಾಲರಿಗೆ ಹಳೆ ಕಾಲುಚೀಲದ ತೆಳು ಬಟ್ಟೆ ಕಟ್ಟಿಕೊಂಡು ಹೋಗಿದ್ದೆ. ಪ್ರತಿ ಸಂಜೆ ಬಿಚ್ಚಿ ಒದರಬೇಕು, ಮರೆತರೆ ಅದೇ ಇನ್ನೊಂದು ಗಾದಿ. ಗುಮಾಸ್ತರು ಲ್ಯಾಪ್‌ಟಾಪ್ ಎತ್ತಿ ತಳ ನೋಡಿದರು, ನನ್ನ ಮುಖ ನೋಡಿದರು.

"ಏನ್ರಿ ಮೇಡಂ, ಇದಕ್ಕೂ ಮಾಸ್ಕಾ?"